ಅರ್ಧ ರಂಗೋಲಿಯ ಮನೆತನ

ನಮ್ಮ ಸೋದರಮಾವ ಸಿಡ್ನಿಗೆ ಬಂದು ನೆಲೆಸಿ ಮೂವತ್ತು ವರ್ಷಗಳ ಮೇಲಾಯಿತು. ಆದರೆ ಅವರಿನ್ನೂ ಆಸ್ಟ್ರೇಲಿಯಾಕ್ಕೆ ಬಂದಿಲ್ಲ! ಇದು ನನ್ನ ಮಾತಲ್ಲ, ಅತ್ತೆಯದು. ದೇಹ ಪೆಂಡಲ್ ಹಿಲ್ಲಿನಲ್ಲಿದೆ, ಪೆನ್ಷನ್ ಇಲ್ಲಿಯದು, ಮೊಣಕಾಲಿಗೆ ಹಾಕಿಸಿಕೊಂಡ ಹೊಸ ಕೀಲು ಕೂಡ ಇಲ್ಲಿಯದೇ. ಮನುಷ್ಯ ಮಾತ್ರ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ, ಬಟ್ಟೆ ಗಿರಣಿಗಳ ಒಂದು ಸಣ್ಣ ಊರಿನ ಬೀದಿಯಲ್ಲಿ, ಹನ್ನೊಂದು ವರ್ಷದ ಹುಡುಗನಾಗಿ ಇವತ್ತಿಗೂ ಸೈಕಲ್ ಹೊಡೆಯುತ್ತಿದ್ದಾರೆ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕನ್ನಡದಲ್ಲಿ ಬರೆದರೆ ಉಚ್ಚಾರ ಕೆಟ್ಟಿತೆಂದು ಜಗಳಕ್ಕೆ ಬರುತ್ತಾರೆ. ಒಮ್ಮೆ ಬಂದಿದ್ದಾರೆ.

ಕಥೆ ಇಷ್ಟೇ. ನಮ್ಮ ತಾತ ಡಾಕ್ಟರು. ಹೆಚ್ಚಿನ ಓದಿಗೆಂದು ಮೈಸೂರಿನಿಂದ ಹೋದವರು ಆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಏಳು ವರ್ಷ ಅಲ್ಲೇ ಉಳಿದರು. ಜೊತೆಗೆ ಅಜ್ಜಿ ಮತ್ತು ಪುಟ್ಟ ಮಾವ. ಮಾವನಿಗೆ ಹನ್ನೊಂದಾದಾಗ ಅಜ್ಜಿ ಮತ್ತೆ ಬಸುರಿಯಾದರು; ಈ ಹೆರಿಗೆ ತವರುಮನೆಯಲ್ಲೇ ಆಗಬೇಕೆಂದು ಹಟ ಹಿಡಿದರು. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ವಾಪಸಾದರು. ಅಲ್ಲಿ ಹುಟ್ಟಿದವಳು ನನ್ನ ಅಮ್ಮ. ಆದ್ದರಿಂದ ಮಾವನ ಪ್ರಕಾರ ಇಂಗ್ಲೆಂಡು ಕೈತಪ್ಪಿದ್ದಕ್ಕೆ ಏಕೈಕ ಕಾರಣ ನನ್ನ ಅಮ್ಮ. ಹುಟ್ಟುವ ಮೊದಲೇ ಮಾಡಿದ ಅಪರಾಧಕ್ಕೆ ಯಾವ ಕೋರ್ಟಿನಲ್ಲಿ ಜಾಮೀನು ಕೇಳುವುದು, ಹೇಳಿ? ಅಮ್ಮ ಚಿಕ್ಕಂದಿನಲ್ಲಿ ಆಸೆಯಿಂದ ಇಂಗ್ಲೆಂಡಿನ ಬಗ್ಗೆ ಏನು ಕೇಳಿದರೂ ಅಣ್ಣನಿಂದ ಬರುತ್ತಿದ್ದ ಉತ್ತರ ಒಂದೇ: "ನಿಂಗೇನ್ ಗೊತ್ತು? ನೀನಿರ್ಲಿಲ್ಲ."

ಇಂಥವರು ಸಿಡ್ನಿಯಲ್ಲಿ ಮನೆ ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು. ಅತ್ತೆ ಒಳ್ಳೊಳ್ಳೆಯ ಸಬರ್ಬ್‌ಗಳನ್ನು ತೋರಿಸಿದರು. ಒಂದರಲ್ಲಿ ಸ್ಕೂಲು ಚೆನ್ನಾಗಿತ್ತು, ಇನ್ನೊಂದರಲ್ಲಿ ಅಡುಗೆಮನೆ ಕಿಟಕಿಯಿಂದ ನೀರು ಕಾಣುತ್ತಿತ್ತು. ಮಾವ ರೈಲಿನ ಮ್ಯಾಪು ಬಿಡಿಸಿ, ಪೆಂಡಲ್ ಹಿಲ್ ಎಂಬ ಹೆಸರಿನ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ. ಏಕೆಂದರೆ ಅವರು ಮಲಗುತ್ತಿದ್ದ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಪೆಂಡಲ್ ಹಿಲ್ಲೇ, ಲ್ಯಾಂಕಶೈರಿನ ಅಸಲಿ ಗುಡ್ಡ. ಮನೆ ಕೊಂಡು, ಹಾಲುಕ್ಕಿಸಿ, ಮಾರನೆಯ ಬೆಳಿಗ್ಗೆ ಶೂ ಹಾಕಿಕೊಂಡು ಗುಡ್ಡ ಹುಡುಕಲು ಹೊರಟರು. ಸ್ಟೇಷನ್ನಿನ ಹತ್ತಿರ ಒಂದು ದಿನಸಿ ಅಂಗಡಿ, ಅದರ ಪಕ್ಕ ದೋಸೆ ಹೋಟೆಲು, ಅದರ ಪಕ್ಕ ಇನ್ನೊಂದು ದಿನಸಿ ಅಂಗಡಿ. ಗುಡ್ಡ ಇಲ್ಲ.

"ಮೋಸ ಕಣೇ ಇದು. ಹಿಲ್ ಅಂತ ಬೋರ್ಡ್ ಹಾಕಿದಾರೆ, ಹಿಲ್ ಎಲ್ಲಿ?" ಎಂದು ಮನೆಗೆ ಬಂದು ಅತ್ತೆಯ ಮೇಲೆ ಹಾರಾಡಿದರಂತೆ.

"ಮನೆ ನೋಡಕ್ಕೆ ಬಂದಾಗ ನೋಡ್ಲಿಲ್ವೇನ್ರೀ?"

"ಆಗ ಮೋಡ ಇತ್ತು."

ಅಲ್ಲಿಂದ ಶುರುವಾದ ಸಿಟ್ಟು ಈವತ್ತಿನವರೆಗೂ ಇಳಿದಿಲ್ಲ. ಅವರ ಕಣ್ಣಲ್ಲಿ ಈ ಇಡೀ ದೇಶ ಯಾರೋ ಬೇಜವಾಬ್ದಾರಿಯ ಮನುಷ್ಯ ಇಂಗ್ಲೆಂಡಿನ ಊರುಗಳನ್ನು ಚೀಲಕ್ಕೆ ತುಂಬಿ ತಂದು ಮನಸ್ಸಿಗೆ ಬಂದ ಕಡೆ ಸುರಿದುಹೋದ ಜಾಗ. ಲಿವರ್‌ಪೂಲ್ ಅಂದರೆ ಬಂದರು. ಇಲ್ಲಿಯ ಲಿವರ್‌ಪೂಲಿನಲ್ಲಿ ಹಡಗೆಲ್ಲಿ? ನನ್ನ ತಮ್ಮ ಮೆಲ್ಬರ್ನಿನ ಪ್ರೆಸ್ಟನ್ನಿನಲ್ಲಿ ಮನೆ ಮಾಡಿ ಅಮ್ಮನನ್ನು ಕರೆಸಿಕೊಂಡಾಗ ಮಾವ ಅಭಿನಂದಿಸಲಿಲ್ಲ, ಫೋನಿನಲ್ಲಿ ಗದರಿಸಿದರು. "ಪ್ರೆಸ್ಟನ್‌ಗೂ ಪೆಂಡಲ್‌ಗೂ ಲ್ಯಾಂಕಶೈರಲ್ಲಾದ್ರೆ ಬಸ್ಸಲ್ಲಿ ಹೋಗಿ ಸಾಯಂಕಾಲಕ್ಕೆ ವಾಪಸ್ ಬರಬೋದಿತ್ತು. ಇಲ್ಲಿ ಪ್ಲೇನ್ ಹತ್ಬೇಕಂತೆ! ಯಾರನ್ ಕೇಳಿ ಹಿಂಗ್ ಇಟ್ರು?" ಆ ಹೆಸರಿಟ್ಟವನು ನನ್ನ ತಮ್ಮನೇ ಎಂಬಂತೆ ಅವನು ಸಾರಿ ಕೇಳಿ ಫೋನಿಟ್ಟ.

ನಾನಿರುವುದು ವೆಸ್ಟ್‌ಮೀಡಿನ ಬಾಡಿಗೆ ಫ್ಲ್ಯಾಟಿನಲ್ಲಿ, ಮಾವನ ಮನೆಗೆ ಎರಡು ಸ್ಟೇಷನ್ ಈಚೆ. ನನ್ನ ಗ್ರಹಚಾರಕ್ಕೆ ಆ ಎರಡು ಸ್ಟೇಷನ್ ಬಹಳ ಹತ್ತಿರ. ಶನಿವಾರ ನಮ್ಮ ಜೊತೆ ತರಕಾರಿಗೆ ಬಂದರೆ, ಕರಿಬೇವು ಆರಿಸುತ್ತಿರುವ ಯಾವನೋ ತೆಲುಗು ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಡು ಯು ನೋ ವೇರ್ ಯು ಆರ್ ಸ್ಟ್ಯಾಂಡಿಂಗ್?" ಎಂದು ಕೇಳುತ್ತಾರೆ. ಪಾಪ, ಆ ಹುಡುಗ ಕ್ಯೂ ತಪ್ಪಿಸಿದೆನೇನೋ ಎಂದು ಹಿಂದೆ ಸರಿಯುತ್ತಾನೆ. ಮಾವ ಬಿಡುವುದಿಲ್ಲ. ಅಸಲಿ ಗುಡ್ಡದ ಮೇಲಿನ ಗಾಳಿ, ಹಿಂದೆ ಯಾವುದೋ ಕಾಲದಲ್ಲಿ ಮಾಟಗಾತಿಯರೆಂದು ಅಲ್ಲಿಯ ಬಡ ಹೆಂಗಸರನ್ನು ಗಲ್ಲಿಗೇರಿಸಿದ್ದು, ಎಲ್ಲ ಹೇಳುತ್ತಾರೆ. ಅತ್ತೆ ನುಗ್ಗೇಕಾಯಿ ಹಿಡಿದು ಮುಂದಿನ ಸಾಲಿಗೆ ಹೋಗಿ ತಾವು ಈ ಮನುಷ್ಯನ ಕಡೆಯವರೇ ಅಲ್ಲ ಎಂಬಂತೆ ನಿಲ್ಲುತ್ತಾರೆ.

ಇಲ್ಲಿಯ ಆಲೂಗೆಡ್ಡೆ ಚಿಪ್ಸೂ ಅವರಿಗೆ ಆಗದು. ಆ ಊರಿನ ಚಿಪ್ಸಿಗೆ ಒಂದು ಘಮ ಇತ್ತಂತೆ, ಅದಿಲ್ಲಿ ಇಲ್ಲವಂತೆ. ಅತ್ತೆ ಎಣ್ಣೆ ಬದಲಿಸಿ ಬದಲಿಸಿ ಸೋತರು. ಆ ಘಮ ಹಂದಿಯ ಕೊಬ್ಬಿನದೆಂದು ಮಾವ ನನಗೊಬ್ಬಳಿಗೆ ಹೇಳಿದ್ದಾರೆ. ಅಜ್ಜಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಅತ್ತೆಗೂ ಗೊತ್ತಾಗಬಾರದು. ಈ ಪ್ರಬಂಧ ಅಚ್ಚಾದರೆ ಅತ್ತೆಯ ಕೈಗೆ ಸಿಗದಂತೆ ಹೇಗೆ ನೋಡಿಕೊಳ್ಳುವುದೋ ತಿಳಿಯದು.

ಇಷ್ಟೆಲ್ಲ ಹೊಗಳಿಕೆಯ ನಡುವೆ ಒಂದೇ ಒಂದು ವಿಷಯಕ್ಕೆ ಮಾವ ಇಂಗ್ಲೆಂಡನ್ನು ಕ್ಷಮಿಸಿಲ್ಲ. ಅದು ಅಜ್ಜಿಯ ವಿಷಯ. "ಅಮ್ಮಂಗೆ ಅಲ್ಲಿ ಒಬ್ರೂ ಇರ್ಲಿಲ್ಲ ಪುಟ್ಟಿ. ಇಂಗ್ಲಿಷ್ ಬರ್ತಿರ್ಲಿಲ್ಲ. ಅಪ್ಪ ಆಸ್ಪತ್ರೇಲಿ, ನಾನು ಸ್ಕೂಲಲ್ಲಿ. ಏಳ್ ವರ್ಷ ಗೋಡೆ ನೋಡ್ಕೊಂಡು ಕೂತಿದ್ಲು. ಪಕ್ಕದ ಮನೇಲಿ ಒಬ್ಬಳಿದ್ಲು, ರಾಕ್ಷಸಿ. ಒಂದ್ಸಲ ಪೊರಕೆ ತಗೊಂಡು ನನ್ನ ಬೀದಿ ಕೊನೇವರ್ಗೂ ಓಡಿಸ್ಕೊಂಡು ಬಂದಿದ್ಲು. ಅಂಥವರ ಮಧ್ಯೆ ಬಿಟ್ಬಿಟ್ವಿ ಅಮ್ಮನ್ನ." ಇಷ್ಟು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಆಮೇಲೆ ಕನ್ನಡಕದ ಬಟ್ಟೆ ಸರಿಯಿಲ್ಲವೆಂದು ರೇಗುತ್ತಾರೆ.

ರಿಟೈರಾದ ಮೇಲೆ ಮಾವನಿಗೆ ಇಂಟರ್ನೆಟ್ಟಿನಲ್ಲಿ ಆ ಊರಿನವರದೇ ಒಂದು ಗುಂಪು ಸಿಕ್ಕಿತು. ಹಳೆಯ ಫೋಟೋ ಹಾಕುವುದು, ಬಾಲ್ಯ ನೆನೆಸಿಕೊಳ್ಳುವುದು, ನಿಂತುಹೋದ ಗಿರಣಿ, ಮುಚ್ಚಿಹೋದ ಮಿಠಾಯಿ ಅಂಗಡಿಗಳಿಗೆ ಮರುಗುವುದು, ಇದು ಅವರ ಕೆಲಸ. ನಮಗೆ ಸಮಾಧಾನವಾಯಿತು. ಇನ್ನು ದಿನಸಿ ಅಂಗಡಿಯವರು ಬದುಕಿದರು ಎಂದುಕೊಂಡೆವು. ಆದರೆ ಮಾವ ಸೇರಿದ ಒಂದೇ ವಾರದಲ್ಲಿ ಅಲ್ಲೂ ಜಗಳ ಹಚ್ಚಿದರು. ಹಾಲಿನವನು ಬಾಟಲಿಗಳನ್ನು ಬಾಗಿಲಿನ ಎಡಗಡೆ ಇಡುತ್ತಿದ್ದನೋ ಬಲಗಡೆಯೋ? ಆ ಊರಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಮುದುಕರಾದವರು ಬಲಗಡೆ ಎಂದರು. ಮಾವ ಎಡಗಡೆ ಎಂದರು. ವಾದ ಒಂದು ತಿಂಗಳು ನಡೆಯಿತು. ಕೊನೆಗೆ ಗುಂಪನ್ನು ನಡೆಸುವ ಯಜಮಾನ, ತನ್ನನ್ನು ತಾನೇ ಆ ಊರಿನ ಇತಿಹಾಸಕಾರ ಎಂದು ಕರೆದುಕೊಳ್ಳುವವನು, "ಊರಿಗೆ ಬಂದುಹೋದ ಅತಿಥಿಯಾದರೂ ನಿಮ್ಮ ನೆನಪಿನ ಶಕ್ತಿ ಚೆನ್ನಾಗಿದೆ" ಎಂದು ಬರೆದ.

"ಅತಿಥಿ ಅಂತೆ! ಏಳು ವರ್ಷ ಯಾವ ಅತಿಥಿ ಇರ್ತಾನೆ?" ಎಂದು ಮಾವ ಆವತ್ತು ಊಟ ಬಿಟ್ಟರು.

"ನಿಮ್ಮ ತಂಗಿ ಬಂದು ಎರಡು ದಿನ ಇದ್ರೆ, ಯಾವಾಗ ಹೊರಡ್ತಾಳೆ ಅಂತ ಕೇಳ್ತೀರಿ" ಎಂದು ಅತ್ತೆ ತಟ್ಟೆ ಎತ್ತಿಟ್ಟರು.

ಇನ್ನು ಆ ಫೋಟೋದ ವಿಷಯ. ಅದಕ್ಕೆ ಮುಂಚೆ ಮಾವನೇ ನೂರು ಸಲ ಹೇಳಿದ ಒಂದು ಸಂಗತಿ ಹೇಳಬೇಕು. ಆ ಊರಿನ ಮನೆಗಳು ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಬಾಗಿಲು ತೆಗೆದರೆ ಬೀದಿ. ಬಾಗಿಲ ಮುಂದೆ ಕಲ್ಲಿನ ಒಂದೇ ಮೆಟ್ಟಿಲು. ಹೆಂಗಸರು ಅದನ್ನು ಮಂಡಿಯೂರಿ ತಿಕ್ಕಿ ತೊಳೆದು, ಒದ್ದೆ ಆರುವ ಮುಂಚೆ ಸೋಪಿನ ಬಿಲ್ಲೆಯಂಥ ಒಂದು ಮೆತ್ತನೆ ಕಲ್ಲಿನಿಂದ ಅಂಚಿಗೆ ಬಿಳಿ ಪಟ್ಟಿ ಎಳೆಯುತ್ತಿದ್ದರು. ತೊಳೆಯದ ಮೆಟ್ಟಿಲೆಂದರೆ ಬೀದಿಯಲ್ಲಿ ಮಾನ ಹೋದ ಹಾಗೆ. ಆ ಕಲ್ಲನ್ನು ದುಡ್ಡು ಕೊಟ್ಟು ಕೊಳ್ಳಬೇಕಿರಲಿಲ್ಲ. ಹಳೆ ಬಟ್ಟೆಯ ಗಾಡಿಯವನು ಬಂದಾಗ ಹರಿದ ಬಟ್ಟೆ ಹಾಕಿದರೆ ಕೊಡುತ್ತಿದ್ದ. ನಮ್ಮ ಅಜ್ಜಿಗೆ ಆ ದೇಶದಲ್ಲಿ ಅರ್ಥವಾದದ್ದು ಇದೊಂದೇ! ಹಳೆ ಬಟ್ಟೆಗೆ ಪಾತ್ರೆ ಕೊಡುವವರನ್ನು ಕಂಡವರು, ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆಯದೆ ಒಲೆ ಹಚ್ಚದವರು. ತಾವೂ ಒಂದು ಹಳೆ ಸೀರೆ ಹಾಕಿ ಕಲ್ಲು ತೆಗೆದುಕೊಂಡರು. ಅಂಚಿಗೆ ಪಟ್ಟಿ ಎಳೆದು ಸುಮ್ಮನಿರಲು ಮೈಸೂರಿನ ಕೈಗೆ ಸಾಧ್ಯವೇ? ಮೆಟ್ಟಿಲ ಮೇಲೆ ರಂಗೋಲಿ ಹಾಕಿದರು.

ಗುಂಪಿನ ಇತಿಹಾಸಕಾರ ಒಂದು ದಿನ ಹಾಕಿದ್ದು ಆ ಬೀದಿಯ ಫೋಟೋ. ಮನುಷ್ಯರಾರೂ ಇಲ್ಲ. ಅಕ್ಕಪಕ್ಕ ಎರಡು ಬಾಗಿಲು, ಎರಡು ಮೆಟ್ಟಿಲು, ನಡುವೆ ಒಂದು ಗೇಣು ಜಾಗವಿಲ್ಲ. ಎಡಗಡೆಯ ಮೆಟ್ಟಿಲ ಮೇಲೆ ಬಿಳಿ ಗೆರೆಗಳ ಚಿತ್ತಾರ, ತಾವರೆಯ ಅರ್ಧ ಭಾಗದಂತೆ. ಬಲಗಡೆಯ ಮೆಟ್ಟಿಲಿಗೆ ಅಡ್ಡವಾಗಿ ನಿಲ್ಲಿಸಿದ ಒಂದು ಸೈಕಲ್. ಕೆಳಗೆ ಇತಿಹಾಸಕಾರನ ಟಿಪ್ಪಣಿ: ಇದು ನಮ್ಮ ಸೀಮೆಯ ಪ್ರಾಚೀನ ಗುರುತು, ಮಾಟಗಾತಿ ಒಳಗೆ ಬರದಿರಲೆಂದು ಹೊಸ್ತಿಲ ಮೇಲೆ ಬರೆಯುತ್ತಿದ್ದದ್ದು. ಬೇಕೆಂದೇ ಅರ್ಧ ಬರೆಯುತ್ತಾರೆ. ಮಾಟಗಾತಿ ಉಳಿದರ್ಧ ಹುಡುಕುತ್ತ ಹೊರಗೇ ಉಳಿಯಲಿ ಎಂದು.

ನಾನು ನಾರ್ವೆಸ್ಟಿನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಫೋನು ನಿಲ್ಲದೆ ಅಲುಗಾಡಿತು. ಅತ್ತೆಗೆ ಏನಾಯಿತೋ ಎಂದು ಓಡಿ ಹೊರಗೆ ಬಂದೆ.

"ಪುಟ್ಟಿ, ನಮ್ಮಮ್ಮನ ರಂಗೋಲಿ ತಗೊಂಡು ಮಾಟಗಾತಿಗೆ ಕಟ್ಟಿದಾರೆ."

"ಯಾರು ಮಾವ?"

"ಇಡೀ ಇಂಗ್ಲೆಂಡು."

ಮಾವ ಬರೆದರು. ಎಡಗಡೆ ನಮ್ಮ ಮನೆ, ಅದು ನಮ್ಮಮ್ಮನ ರಂಗೋಲಿ, ಆ ಸೈಕಲ್ ನನ್ನದು ಎಂದರು. ಆ ಬೀದಿಯಲ್ಲಿ ಆಗ ಭಾರತದವರು ಯಾರೂ ಇರಲಿಲ್ಲ ಎಂದು ಇತಿಹಾಸಕಾರ ಉತ್ತರಿಸಿದ. ಇದ್ದವರೇ ಇದ್ದೆವು ಎಂದು ಹೇಳುತ್ತಿರುವಾಗ ಇರಲಿಲ್ಲ ಎನ್ನುವುದಕ್ಕೆ ಎಂಥ ಧೈರ್ಯ ಬೇಕು! ಮಾವನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಆವತ್ತು ಅವರ ಪರವಾಗಿ ನನಗೂ ರೇಗಿತು. ಆಮೇಲೆ ಇನ್ನೊಬ್ಬಾಕೆ ಬಂದಳು. ಆಕೆ ರಂಗೋಲಿಯ ಚಿತ್ರಗಳನ್ನೆಲ್ಲ ಹುಡುಕಿ ನೋಡಿದ್ದಳಂತೆ. ರಂಗೋಲಿ ಯಾವಾಗಲೂ ಪೂರ್ತಿ ಇರುತ್ತದೆ, ಎರಡೂ ಕಡೆ ಸಮ ಇರುತ್ತದೆ, ಇದು ಅರ್ಧ, ಆದ್ದರಿಂದ ರಂಗೋಲಿ ಅಲ್ಲ ಎಂದಳು. ಎಲ್ಲರೂ ಹೌದೆಂದರು.

ಮಾವ ಮೊದಲ ಬಾರಿಗೆ ತಾವಾಗಿ ಟ್ಯಾಬು ಆರಿಸಿಟ್ಟರು. ಏಕೆಂದರೆ ಆಕೆ ಹೇಳಿದ್ದು ನಿಜ. ನಮ್ಮ ಮನೆಯ ರಂಗೋಲಿ ಅರ್ಧವೇ.

ಇದು ನಮ್ಮ ವಂಶದ ಹಳೆಯ ಅವಮಾನ. ಮೈಸೂರಿನಲ್ಲಿ ಅಜ್ಜಿಯ ಮನೆ ಮುಂದೆ ಕಾರು ತಿರುಗಿಸುವಷ್ಟು ಅಂಗಳವಿತ್ತು. ಆದರೂ ಅಜ್ಜಿ ಎಡಗಡೆ ಅರ್ಧ ತಾವರೆ ಹಾಕಿ, ಬಲಗಡೆ ಸಾರಿಸಿದ ಜಾಗವನ್ನು ಹಾಗೇ ಖಾಲಿ ಬಿಟ್ಟು ಎದ್ದುಬಿಡುತ್ತಿದ್ದರು. ಆ ಖಾಲಿ ಜಾಗದ ಮೇಲೆ ಯಾರೂ ಕಾಲಿಡುವಂತಿರಲಿಲ್ಲ. ಹೂವಿನವಳೂ ಸುತ್ತಿಕೊಂಡೇ ಬರಬೇಕು. ಯಾಕಜ್ಜಿ ಎಂದರೆ ನಗುತ್ತಿದ್ದರು, ಅಷ್ಟೇ. ಬೀದಿಯವರು ಅರ್ಧ ರಂಗೋಲಿ ಮನೆ ಎಂದು ಆಡಿಕೊಳ್ಳುತ್ತಿದ್ದರು. ಸ್ಕೂಲಿಗೆ ಹೋಗುತ್ತಿದ್ದ ನಮ್ಮಮ್ಮ ಅದನ್ನು ತಾಳಲಾರದೆ, ಉಳಿದರ್ಧವನ್ನು ಲಕ್ಷ್ಮಿಯೇ ಬಂದು ಹಾಕುತ್ತಾಳೆ ಎಂದು ಒಂದು ಶಾಸ್ತ್ರ ಹುಟ್ಟಿಸಿದಳು. ನಾನು ಅದನ್ನೇ ನಂಬಿ ಬೆಳೆದೆ. ಆಫೀಸಿನ ದೀಪಾವಳಿಯಲ್ಲಿ ರಂಗೋಲಿ ಸ್ಪರ್ಧೆ ಇಟ್ಟಾಗ ಅರ್ಧ ಹಾಕಿ ಎದ್ದು ನಿಂತೆ. ತೀರ್ಪುಗಾರ್ತಿ, "ಇನ್ನೂ ಟೈಮಿದೆ, ಮುಗಿಸಿ" ಎಂದರು. ಅರ್ಧ ರಂಗೋಲಿ ಮೈಸೂರಿನ ಬಹು ಪ್ರಾಚೀನ ಸಂಪ್ರದಾಯವೆಂದು ಅಲ್ಲೇ ಭಾಷಣ ಬಿಗಿದೆ. ಸಮಾಧಾನಕರ ಬಹುಮಾನ ಕೊಟ್ಟರು. ಈಗ ಯೋಚಿಸಿದರೆ ಆ ಇತಿಹಾಸಕಾರನಿಗೂ ನನಗೂ ಏನು ವ್ಯತ್ಯಾಸ?

ಮಾವನ ತಲೆಯಲ್ಲಿ ಆಗ ಹೊಳೆದದ್ದು ಇದು: ಅಜ್ಜಿಯ ಅರ್ಧ ತಾವರೆಯನ್ನು ಗೆರೆಗೆ ಗೆರೆ ಅದೇ ರೀತಿ ಇವತ್ತಿಗೂ ಹಾಕುವ ಕೈ ನಮ್ಮ ಮನೆಯಲ್ಲಿದೆ ಎಂದು ವಿಡಿಯೋ ಮಾಡಿ ತೋರಿಸಿದರೆ ಇಂಗ್ಲೆಂಡಿನ ಬಾಯಿ ಮುಚ್ಚುತ್ತದೆ. ನನ್ನನ್ನು ಡ್ರೈವ್‌ವೇ ಮೇಲೆ ಕೂರಿಸಿ ಹಾಕಿಸಿ ನೋಡಿದರು. ನನ್ನ ದಳಗಳು ಬದನೆಕಾಯಿಯಂತೆ ಬಂದವು. ಹಬ್ಬಕ್ಕೆ ಅಂಗಡಿಯ ಸ್ಟಿಕ್ಕರ್ ಅಂಟಿಸುವ ಕೈಗಳಿಂದ ಇನ್ನೇನು ಬಂದೀತು? ಅಜ್ಜಿಯ ಕೈ ಹಾಗೇ ಇಳಿದಿರುವುದು ಒಬ್ಬಳಿಗೇ, ನಮ್ಮಮ್ಮನಿಗೆ. ಅದೇ, ಅಲ್ಲಿ "ಇರದಿದ್ದವಳಿಗೆ".

"ವಿಡಿಯೋ ಕಾಲ್ ಮಾಡಿ ಮಾವ, ಅಲ್ಲಿಂದ್ಲೇ ತೋರಿಸ್ತಾಳೆ" ಎಂದೆ.

"ಸಾಕ್ಷಿ ಅಂದ್ರೆ ಕಣ್ಣೆದುರಿಗೆ ಆಗ್ಬೇಕು. ಟಿಕೆಟ್ ಬುಕ್ ಮಾಡು."

ನನ್ನ ರಜೆಯನ್ನು ನನ್ನನ್ನು ಕೇಳದೆ ತೀರ್ಮಾನಿಸಿಯಾಗಿತ್ತು. ಮೊಣಕಾಲಿನವರ ಜೊತೆಗೆ ಒಬ್ಬರು ಬೇಕಲ್ಲ! ವಿಮಾನದುದ್ದಕ್ಕೂ ಮಾವ ಟ್ಯಾಬಿನಲ್ಲಿ ಆ ಫೋಟೋ ದೊಡ್ಡದು ಮಾಡಿ ಸೈಕಲ್ಲನ್ನೇ ನೋಡುತ್ತಿದ್ದರು. ಆ ಊರಿನಲ್ಲಿ ಅವರ ಕೊನೆಯ ಹುಟ್ಟುಹಬ್ಬಕ್ಕೆ ತಾತ ಕೊಡಿಸಿದ್ದು, ಒಂದೇ ಒಂದು ಬೇಸಿಗೆ ಹೊಡೆದದ್ದು, ಹೊರಡುವಾಗ ಅಲ್ಲೇ ಬಿಟ್ಟುಬಂದದ್ದು. ಅದರ ಬೆಲ್ಲಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಪ್ರೆಸ್ಟನ್ನಿನಲ್ಲಿ ತಮ್ಮನ ಮನೆಯವರೆಲ್ಲ ಮಕ್ಕಳ ಈಜಿನ ಕ್ಲಾಸಿಗೆ ಹೋಗಿದ್ದರು. ಅಮ್ಮ ಒಬ್ಬಳೇ ಬಾಗಿಲು ತೆಗೆದಳು.

"ಬಾ ಅಣ್ಣಯ್ಯ. ಕಾಫಿ ಹಾಕ್ಲಾ?"

"ಕಾಫಿ ಆಮೇಲೆ. ಅಮ್ಮನ ರಂಗೋಲಿ ಹಾಕು, ವಿಡಿಯೋ ಮಾಡ್ಬೇಕು."

"ಯಾಕೆ?"

"ಇಂಗ್ಲೆಂಡ್ ವಿಷ್ಯ. ನಿಂಗೊತ್ತಾಗಲ್ಲ, ನೀನಿರ್ಲಿಲ್ಲ."

ಅಮ್ಮ ಸಾಮಾನ್ಯವಾಗಿ ಈ ಮಾತಿಗೆ ಒಳಗೆ ಹೋಗಿ ಪಾತ್ರೆ ಸದ್ದು ಮಾಡುವವಳು. ಆವತ್ತು ಹೋಗಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

"ಹುಟ್ಟಿದಾಗಿಂದ ಇದೇ ಕೇಳಿದೀನಿ. ನೀನಿರ್ಲಿಲ್ಲ, ನೀನಿರ್ಲಿಲ್ಲ. ಸರಿ, ನಾನಿರ್ಲಿಲ್ಲ. ಇಂಗ್ಲೆಂಡಿನ ಅಮ್ಮ ಪೂರ್ತಿ ನಿನ್ನವಳೇ, ಇಟ್ಕೋ. ಈಗ ಅವಳ ಕೈ ಬೇಕು ಅಂತ ನನ್ನ ಬಾಗಿಲಿಗೆ ಯಾಕ್ ಬಂದೆ? ಹೋಗು, ಇದ್ದವರ ಹತ್ರ ಹಾಕಿಸ್ಕೋ."

ಮಾವ ನನ್ನ ಕಡೆ ನೋಡಿದರು. ನಾನು ತಮ್ಮನ ಗುಲಾಬಿ ಗಿಡ ನೋಡುತ್ತ ನಿಂತೆ. ಈ ಮನುಷ್ಯನಿಗೆ ಯಾರಾದರೂ ಇಷ್ಟು ಹೇಳಲಿ ಎಂದು ಎಷ್ಟು ವರ್ಷಗಳಿಂದ ಕಾದಿದ್ದೆ! ಆದರೆ ಅದನ್ನು ಕೇಳಿದ ಮೇಲೆ ನನಗೆ ಖುಷಿಯೇನೂ ಆಗಲಿಲ್ಲ. ಮಾವ ಬೇರೇನೂ ತೋಚದೆ ಟ್ಯಾಬನ್ನು ಚಾಚಿದರು. ಆ ಫೋಟೋವನ್ನು ಅವರು ಸಿಡ್ನಿಯ ದಿನಸಿ ಅಂಗಡಿಯವರಿಗೆಲ್ಲ ತೋರಿಸಿದ್ದರು, ಸ್ವಂತ ತಂಗಿಗೆ ತೋರಿಸಿರಲಿಲ್ಲ.

"ಇದು ನಮ್ಮನೆ. ಇದು ಅಮ್ಮಂದು. ಅವರು ಇದನ್ನ ಮಾಟಗಾತಿದು ಅಂತಿದಾರೆ" ಎಂದರು. ದನಿ ಇಳಿದಿತ್ತು.

ಅಮ್ಮ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಅಜ್ಜಿಯ ಗೆರೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಬಹಳ ಹೊತ್ತು ಬಲಗಡೆಯೇ ನೋಡಿದಳು.

"ಸೈಕಲ್ ಹಿಂದೆ ಏನದು?"

"ಏನೂ ಇಲ್ಲ. ಅದು ಆ ರಾಕ್ಷಸಿ ಮನೆ ಮೆಟ್ಲು."

"ಚಕ್ರದ ಕಡ್ಡಿಗಳ ಮಧ್ಯೆ ನೋಡು ಅಣ್ಣಯ್ಯ. ಕಡ್ಡಿ ನೆಟ್ಟಗಿರತ್ತೆ. ಇದು ಬಾಗಿದೆ."

ಒಳಗೆ ಹೋಗಿ ರಂಗೋಲಿ ಡಬ್ಬಿ ತಂದಳು. ಬಾಗಿಲ ಮುಂದಿನ ಸಿಮೆಂಟಿನ ಮೇಲೆ ನೀರು ಚಿಮುಕಿಸಿ, ಎಡಗಡೆ ಅಜ್ಜಿಯ ಅರ್ಧವನ್ನು ಒಂದೇ ಉಸಿರಿಗೆ ಹಾಕಿದಳು. ವಿಡಿಯೋ ಮಾಡಲು ನನಗೆ ನೆನಪೇ ಆಗಲಿಲ್ಲ. ಆಮೇಲೆ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಮುಟ್ಟದ ಬಲಗಡೆಗೆ ಸರಿದು ಕೂತು, ಫೋಟೋದಲ್ಲಿ ಚಕ್ರದ ಹಿಂದೆ ಕಾಣುತ್ತಿದ್ದ ಒಂದೊಂದೇ ತುಣುಕನ್ನು ನೋಡಿಕೊಂಡು ಎಳೆಯುತ್ತ ಹೋದಳು. ಗೆರೆಗಳು ಸ್ವಲ್ಪ ದಪ್ಪ, ಸ್ವಲ್ಪ ಒರಟು, ಕಲಿತವರ ಕೈಯಲ್ಲ, ನೋಡಿ ಹಾಕಿದವರ ಕೈ. ಆದರೆ ಕೊನೆಯ ದಳ ಬಂದು ಅಜ್ಜಿಯ ದಳಕ್ಕೆ ಸರಿಯಾಗಿ ಕೂಡಿಕೊಂಡಿತು.

"ಅಮ್ಮ ಅರ್ಧ ಹಾಕಿ ಬಿಡ್ತಿರ್ಲಿಲ್ಲ ಅಣ್ಣಯ್ಯ. ಮೆಟ್ಲು ಸಣ್ಣದು, ಪೂರ್ತಿ ಹಿಡೀತಿರ್ಲಿಲ್ಲ. ಉಳಿದಿದ್ದು ಪಕ್ಕದ ಮನೆಯಾಕೆ ಹಾಕ್ತಿದ್ಲು."

ಮಾವ ಕಷ್ಟಪಟ್ಟು, ಹೊಸ ಕೀಲನ್ನು ಬೈದುಕೊಂಡು, ನೆಲದ ಮೇಲೆ ಕೂತರು. ಬಲಗಡೆಯ ಗೆರೆಗಳನ್ನೇ ನೋಡಿದರು.

"ಅದಕ್ಕೇ ಆವತ್ತು ಪೊರಕೆ ತಗೊಂಡು ಬಂದ್ಲು" ಎಂದರು ಮೆಲ್ಲಗೆ. "ಅವಳ ಮೆಟ್ಲ ಮೇಲೆ ಸೈಕಲ್ ಹತ್ತಿಸಿದ್ದೆ. ಬರೀ ಕಲ್ಲಲ್ವಾ, ಇದಕ್ಯಾಕೆ ಇಷ್ಟು ಸಿಟ್ಟು ಅಂದ್ಕೊಂಡಿದ್ದೆ."

ಎದುರು ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ನನಗೆ ಮೈಸೂರಿನ ಅಂಗಳ ಕಣ್ಣಿಗೆ ಕಟ್ಟಿತು. ಅಷ್ಟು ದೊಡ್ಡ ಅಂಗಳದಲ್ಲಿ ಅಜ್ಜಿ ಸಾಯುವವರೆಗೂ ದಿನಾ ಬೆಳಿಗ್ಗೆ ತಮ್ಮ ಅರ್ಧ ಹಾಕಿ, ಆಕೆಯ ಜಾಗವನ್ನು ಸಾರಿಸಿ, ಯಾರೂ ತುಳಿಯದಂತೆ ಕಾದಿಟ್ಟರು. ಆಕೆಯ ಭಾಷೆ ಅಜ್ಜಿಗೆ ಬರುತ್ತಿರಲಿಲ್ಲ, ಅಜ್ಜಿಯ ಭಾಷೆ ಆಕೆಗೆ ಬರುತ್ತಿರಲಿಲ್ಲ. ನಾವು ಆಕೆಯ ಜಾಗದಲ್ಲಿ ಲಕ್ಷ್ಮಿಯನ್ನು ಕೂರಿಸಿದೆವು, ಆ ಊರಿನವರು ಮಾಟಗಾತಿಯನ್ನು ಕೂರಿಸಿದರು. ಹೆಸರು ಕೂಡ ಗೊತ್ತಿಲ್ಲದ ಆ ಹೆಂಗಸನ್ನು ನೆನೆದು ನನಗೆ ಅಳು ಬಂತು.

"ಹಂಗಾದ್ರೆ ಅಮ್ಮಂಗೆ ಒಬ್ರಿದ್ರು ಅಲ್ಲಿ" ಎಂದರು ಮಾವ.

"ಇದ್ರು" ಎಂದಳು ಅಮ್ಮ.

ನಾನು ಮೂಗೊರೆಸಿಕೊಂಡು ಫೋನು ತೆಗೆದೆ. "ಫೋಟೋ ತೆಗೀಲಾ ಮಾವ? ಗುಂಪಿಗೆ ಹಾಕ್ತೀರಲ್ಲ?"

"ಹಾಕ್ತೀನಿ. ಈಗ ಅವರಿಗೂ ಅರ್ಧ ಕೊಡ್ಬೇಕಲ್ಲ, ಅದೇ ಸಂಕಟ" ಎಂದು ಹಳೆಯ ಸಿಟ್ಟನ್ನು ಸ್ವಲ್ಪ ವಾಪಸು ತಂದುಕೊಂಡರು. ಮತ್ತೆ ಟ್ಯಾಬು ಎತ್ತಿಕೊಂಡು ಸೈಕಲ್ ನೋಡಿದರು. ನೋಡುತ್ತಿದ್ದವರು ಇದ್ದಕ್ಕಿದ್ದಂತೆ ತಲೆಯೆತ್ತಿದರು.

"ಏ, ಈ ಸೈಕಲ್ ಇದೆ ಅಂದ್ರೆ ಇದು ನಾವು ಹೊರಟ ವರ್ಷದ ಬೇಸಿಗೆ. ಅಮ್ಮ ಆಗ್ಲೇ ಬಸುರಿ. ನೀನಿದ್ದೆ ಕಣೇ."

"ಎಲ್ಲಿ?"

ಮಾವ ಎಡಗಡೆಯ ಮುಚ್ಚಿದ ಬಾಗಿಲಿನ ಮೇಲೆ ಬೆರಳಿಟ್ಟರು. "ಇಲ್ಲಿ. ಒಳಗೆ, ಅಮ್ಮನ ಜೊತೆ. ನಾನ್ ಸ್ಕೂಲಿಗೆ ಹೋಗ್ತಿದ್ದೆ, ಅಪ್ಪ ಆಸ್ಪತ್ರೆಗೆ ಹೋಗ್ತಿದ್ರು. ಇಡೀ ದಿನ ಅಮ್ಮನ ಜೊತೆ ಇದ್ದೋಳು ನೀನೊಬ್ಳೇ."

ಅಮ್ಮ ಆ ಬಾಗಿಲನ್ನು ದೊಡ್ಡದು ಮಾಡಿ ನೋಡಿದಳು. ಇನ್ನೂ ದೊಡ್ಡದು ಮಾಡಿದಳು. ಬಣ್ಣ ಮಾಸಿದ ಮರದ ಬಾಗಿಲು, ಅಷ್ಟೇ, ಬೇರೇನೂ ಕಾಣುವುದಿಲ್ಲ. ಆದರೂ ತುಂಬ ಹೊತ್ತು ಟ್ಯಾಬು ವಾಪಸು ಕೊಡಲಿಲ್ಲ.

ಆಮೇಲೆ ಕಾಫಿ ಆಯಿತು. ಮೂವರೂ ಅದೇ ಮೆಟ್ಟಿಲ ಮೇಲೆ ಕೂತೆವು. ಮಾವ ಲೋಟ ಹಿಡಿದು, ಯಾರೂ ಕೇಳದೆಯೇ, ನಾವಲ್ಲಿದ್ದಾಗ ಬೆಳಿಗ್ಗೆ ಬಾಗಿಲು ತೆಗೆದರೆ ಹಾಲಿನ ಬಾಟಲಿ ಎಡಗಡೆ ಇರುತ್ತಿತ್ತು ಎಂದು ಶುರುಮಾಡಿದರು.

"ಬಲಗಡೆ" ಎಂದಳು ಅಮ್ಮ.

ಈ ಒಂದು ಮಾತಿಗೆ ಮಾವ ಒಂದು ಊರನ್ನೇ ಎದುರು ಹಾಕಿಕೊಂಡಿದ್ದರು. ಮಾವ ತಂಗಿಯ ಕಡೆ ತಿರುಗಿದರು. ಬಾಯಿಯವರೆಗೆ ಬಂದ ಮಾತು ಯಾವುದೆಂದು ಮೂವರಿಗೂ ಗೊತ್ತಿತ್ತು.

"ನಂಗ್ ಚೆನ್ನಾಗ್ ಗೊತ್ತು ಅಣ್ಣಯ್ಯ" ಎಂದಳು ಅಮ್ಮ, ಕಾಫಿ ಊದಿಕೊಳ್ಳುತ್ತ. "ನಾನಿದ್ದೆನಲ್ಲ."

ಮಾವ ಒಂದು ಗುಟುಕು ಕಾಫಿ ಕುಡಿದರು.

"ಹೌದು" ಎಂದರು. "ಬಲಗಡೆ."